ಬೆನ್ನುಮೂಳೆ ಆಪರೇಷನ್‌ಗೆ ಗ್ಲೂಕೋಸ್ ಬಾಟಲಿಯೇ ಬೇಕಾ?

"ಬೆನ್ನುಮೂಳೆಯ ದೊಡ್ಡ ಆಪರೇಷನ್ ಇದ್ದರೆ ಗ್ಲೂಕೋಸ್ ಬಾಟಲಿ ಜಾಸ್ತಿ ಹಾಕಿಸಿ, ಶಕ್ತಿ ಬರುತ್ತದೆ" ಎಂಬ ಮೆಸೇಜ್ ಕಲಬುರಗಿಯ ವಾಟ್ಸ್ಯಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

5% ಗ್ಲೂಕೋಸ್‌ನ ಒಂದು ಲೀಟರ್‌ನಲ್ಲಿ ಹೆಚ್ಚೆಂದರೆ 200 ಕ್ಯಾಲರಿ. ಸಕ್ಕರೆ ಖರ್ಚಾದ ಮೇಲೆ ಉಳಿಯುವುದು ಬರೀ ನೀರು, ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಮೇಲಾಗಿ ಶುಗರ್ ಏರುತ್ತದೆ. ಶುಗರ್ ತೀರಾ ಇಳಿದವರ ಮಾತು ಬೇರೆ.

ಹಾಗಂತ ಸಲೈನ್ (ಉಪ್ಪುನೀರಿನ ಬಾಟಲಿ) ಸುರಿದರಾಯಿತು ಅಂತಲ್ಲ. ಅದರಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರ್‌ಗೆ 154 ಮಿಲಿಮೋಲ್, ನಮ್ಮ ರಕ್ತದಲ್ಲಿ ಸುಮಾರು 100. ಸಲೈನ್ ಬಹಳ ಒಳಹೋದರೆ ರಕ್ತ ಆಮ್ಲೀಯವಾಗುತ್ತದೆ. ಅದಕ್ಕೇ ಹೆಚ್ಚಾಗಿ ರಿಂಗರ್ ಲ್ಯಾಕ್ಟೇಟ್‌ನಂಥ, ಲವಣಗಳ ಪ್ರಮಾಣ ರಕ್ತಕ್ಕೆ ಹತ್ತಿರವಿರುವ ದ್ರವ ಆರಿಸುತ್ತಾರೆ. ತಲೆಗೂ ಪೆಟ್ಟಾಗಿದ್ದರೆ ಮಾತ್ರ ಸಾಮಾನ್ಯವಾಗಿ ಸಲೈನ್.

ಇನ್ನು ಆ 'ಜಾಸ್ತಿ'. ಗಂಟೆಗಟ್ಟಲೆ ಬೋರಲು ಮಲಗಿಸಿರುತ್ತಾರೆ ಅಲ್ವಾ? ದ್ರವ ಅತಿಯಾದರೆ ಮುಖ, ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ಉಸಿರಿನ ಕೊಳವೆ ತೆಗೆಯುವುದೇ ತಡವಾಗಬಹುದು. ರಕ್ತ ಬಹಳ ಹೋದರೆ ರಕ್ತವನ್ನೇ ಕೊಡಬೇಕು. ಬಾಟಲಿಗೆ ಹಟ ಮಾಡುವ ಬದಲು ರೋಗಿಯ ಕಿಡ್ನಿ, ಹೃದಯ, ಶುಗರ್ ತೊಂದರೆಗಳನ್ನು ಅರಿವಳಿಕೆ ಡಾಕ್ಟರ್‌ಗೆ ಮೊದಲೇ ಹೇಳಿ.