ಆಗ ಬರಬೇಕಿತ್ತು ನೀನು

ಭಾನುವಾರ ಬೆಳಗ್ಗೆ ಕ್ರಾಪ್ರೆಡಿಯಿಂದ ಬ್ಯಾನ್‌ಬರಿಗೆ ಬರುವ ಬಸ್ಸಿನಲ್ಲಿ ನಡೆದದ್ದು. ಬರೆಯೋದು ಬೇಡ ಅಂದುಕೊಂಡಿದ್ದೆ. ಮನೆಗೆ ಬಂದು, ಒದ್ದೆ ಟೆಂಟನ್ನು ಹಿತ್ತಲಲ್ಲಿ ಹರವಿ, ಸ್ನಾನ ಮಾಡಿ, ಎರಡು ಲೋಟ ಕಾಫಿ ಕುಡಿದರೂ ನೆತ್ತಿಗೇರಿದ ಪಿತ್ತ ಇಳಿಯುತ್ತಿಲ್ಲ. ಹಾಗಾಗಿ ನೀವೆಲ್ಲ ಅನುಭವಿಸಿ.

ನನ್ನ ಮುಂದಿನ ಸೀಟಿನಲ್ಲಿ ಒಂದು ಹುಡುಗಿ. ಇಪ್ಪತ್ತು, ಇಪ್ಪತ್ತೊಂದು ಇರಬಹುದು. ಬಿಸಿಲಿಗೆ ಮೂಗು ಸುಟ್ಟು ಕೆಂಪಾಗಿದೆ, ಗಂಟಲು ಕಟ್ಟಿದೆ, ಬೂಟಿಗೆಲ್ಲ ಹುಲ್ಲು ಮೆತ್ತಿಕೊಂಡಿದೆ. ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನುವ ಇಂಗ್ಲೆಂಡಿನ ಜಾನಪದ-ರಾಕ್ ಬ್ಯಾಂಡಿನ ಸಂಗೀತ ಹಬ್ಬಕ್ಕೆ ಮೊದಲ ಸಲ ಬಂದವಳು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ, ಗುರುತು ಪರಿಚಯ ಏನೂ ಇಲ್ಲ, ಮೂರು ದಿನದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಪಿಟೀಲು ಶುರುವಾದ ಕೂಡಲೇ ಹಿಂದೆ ಕೂತಿದ್ದ ಅಜ್ಜಿ ಎದ್ದು ಕುಣಿದದ್ದು, ಮಳೆ ಬಂದಾಗ ಯಾರೋ ಕರೆದು ತಮ್ಮ ಛತ್ರಿ ಕೆಳಗೆ ಕೂರಿಸಿಕೊಂಡದ್ದು, 'ಮ್ಯಾಟಿ ಗ್ರೋವ್ಸ್' ಅಷ್ಟುದ್ದದ ಹಾಡು ಅಂತ ಗೊತ್ತಿಲ್ಲದೆ ಮಧ್ಯದಲ್ಲೇ ಜೋರಾಗಿ ಚಪ್ಪಾಳೆ ತಟ್ಟಿ ನಾಚಿಕೆಯಾದದ್ದು.

ಆತ ಸಮಾಧಾನವಾಗಿಯೇ ಕೇಳಿಸಿಕೊಂಡರು. ಮೈಮೇಲೆ ಬಣ್ಣ ಹೋದ ಹಳೇ ಹಬ್ಬದ ಟೀ ಶರ್ಟು, ಅದೇ ಅವರ ಗುರುತಿನ ಚೀಟಿ ಅನ್ನಿ. ಕೊನೆಗೆ ಅಂದರು, "ಚೆನ್ನಾಗೇ ಇತ್ತು ಬಿಡು. ಆದರೆ ನೀನು ಎಂಬತ್ತರ ದಶಕದಲ್ಲಿ ಬರಬೇಕಿತ್ತು."

ಹುಡುಗಿ ಹುಳ್ಳಗೆ ನಕ್ಕಳು. "ಆಗ ನಾನು ಹುಟ್ಟಿರಲಿಲ್ಲ" ಅಂದಳು.

"ಅದೇ ಮತ್ತೆ" ಅಂದರು ಆತ. ಹುಟ್ಟದೇ ಇದ್ದದ್ದು ಅವಳ ಸೋಮಾರಿತನ ಅನ್ನುವ ಹಾಗೆ.

ಅಲ್ಲಿಂದ ಬ್ಯಾನ್‌ಬರಿ ಬರುವ ತನಕ ಅವಳು ಫೋನಿನಿಂದ ಕಣ್ಣೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಿಮಗೆ ಗೊತ್ತಲ್ಲ, ನಾನು ಜಗಳಗಂಟಿ ಅಲ್ಲ. (ಗೊತ್ತಿರುವವರು ನಗಬೇಡಿ.) ಆಗ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೇ ಈಗ ಇಷ್ಟು ಉದ್ದ ಬರೆಯುತ್ತಿರೋದು.

ಈ ಹಬ್ಬದ ಬಗ್ಗೆ ನನ್ನ ಕೊರೆತ ಪ್ರತಿ ಆಗಸ್ಟಿನಲ್ಲೂ ಓದುವವರು ಮುಂದಿನ ಪ್ಯಾರಾ ಬಿಟ್ಟುಬಿಡಿ. ಕ್ರಾಪ್ರೆಡಿ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಕಾಲುವೆ ಪಕ್ಕದ ಪುಟ್ಟ ಹಳ್ಳಿ. ಆಗಸ್ಟ್ ಎರಡನೇ ವಾರ, ಗುರುವಾರದಿಂದ ಶನಿವಾರ, ದೊಡ್ಡ ಹೊಲ, ಒಂದೇ ಸ್ಟೇಜು. ಅಲ್ಲಿ ಹೋಗಲಾ ಇಲ್ಲಿ ಹೋಗಲಾ ಅನ್ನುವ ಪೇಚಾಟ ಇಲ್ಲ. ಬೆಳಗ್ಗೆ ಬಂದು ಮಡಚುವ ಕುರ್ಚಿ ಹಾಕಿ ಜಾಗ ಹಿಡಿದುಕೊಂಡರೆ ರಾತ್ರಿ ತನಕ ಅದು ನಿಮ್ಮದೇ. ನಮ್ಮವರು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ಇಲ್ಲಿ ಇನ್ನೂ ಮುಂದುವರಿದಿದೆ ಅಷ್ಟೇ. ಕೆಲವರು ಉದ್ದುದ್ದನೆಯ ದೋಣಿಮನೆಗಳಲ್ಲಿ ಆಕ್ಸ್‌ಫರ್ಡ್ ಕಾಲುವೆ ಹಿಡಿದು ನಿಧಾನಕ್ಕೆ ಬರುತ್ತಾರೆ. ಗುರುವಾರ ಫೇರ್‌ಪೋರ್ಟ್‌ನವರೇ ಬಂದು ನಾಲ್ಕು ಹಾಡಿ ಶುರು ಮಾಡುತ್ತಾರೆ, ಶನಿವಾರ ರಾತ್ರಿ ಅವರೇ ಮುಗಿಸುತ್ತಾರೆ, ಕೊನೆಯ ಹಾಡು 'ಮೀಟ್ ಆನ್ ದ ಲೆಜ್'. ನಡುವೆ ಬೇರೆ ಬೇರೆ ಬ್ಯಾಂಡುಗಳು.

ಮತ್ತೆ ಮಾತು. ಹಾಡಿಗಿಂತ ಮಾತು ಜಾಸ್ತಿ. ಬಿಯರ್ ಕ್ಯೂನಲ್ಲಿ, ಕುರ್ಚಿ ಸಾಲಿನಲ್ಲಿ, ಟೆಂಟ್ ಗೂಟ ಹೊಡೆಯುವಾಗ, ಎಲ್ಲೆಲ್ಲೂ ಅನುಭವ ಹಂಚಿಕೊಳ್ಳುವವರೇ. ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ. "ನಿಮ್ಮದು ಎಷ್ಟನೇ ಸಲ?" ಉತ್ತರ ನೋಡಿಕೊಂಡು ನಿಮ್ಮ ಜಾಗ ಯಾವುದು ಅಂತ ತೀರ್ಮಾನ ಆಗುತ್ತದೆ.

ನನ್ನನ್ನು ನಮ್ಮನೆಯವರು ಮೊದಲು ಎಳೆದುಕೊಂಡು ಹೋಗಿದ್ದು 2010ರಲ್ಲಿ. ರಾಕ್ ಅಂದರೆ ನನಗಾಗ ತಲೆಶೂಲೆ. ಡೊಳ್ಳು ಬಡಿದ ಹಾಗೆ ಇರುತ್ತೆ ಅಂತ ಹತ್ತಿ ಇಟ್ಟುಕೊಂಡು ಹೋಗಿದ್ದೆ, ಕಿವಿಗೆ. ಪಕ್ಕದ ಕುರ್ಚಿಯಾಕೆ ಅದೇ ಪ್ರಶ್ನೆ ಕೇಳಿದಳು. ಮೊದಲ ಸಲ ಅಂದೆ. "ಅಯ್ಯೋ, ಹಾಗಾದರೆ 2007 ತಪ್ಪಿಸಿಕೊಂಡಿರಾ!" ಅಂತ ನನ್ನ ಮನೆಯಲ್ಲಿ ಸಾವಾದವರ ಹಾಗೆ ಕೈ ಹಿಡಿದುಕೊಂಡಳು. 2007ರಲ್ಲಿ ಫೇರ್‌ಪೋರ್ಟ್‌ನ 1969ರ 'ಲೀಜ್ ಅಂಡ್ ಲೀಫ್' ಆಲ್ಬಮ್ಮನ್ನು ಆಗಿನ ಆ ಹಳೆಯ ಕಲಾವಿದರೇ ಸೇರಿ ಇಡೀ ನುಡಿಸಿದ್ದರು. ಆ ಆಲ್ಬಮ್ಮಿನ ಗಾಯಕಿ ಸ್ಯಾಂಡಿ ಡೆನ್ನಿ 1978ರಲ್ಲೇ ತೀರಿಕೊಂಡಿದ್ದರಲ್ಲ, ಅವರ ಜಾಗದಲ್ಲಿ ಕ್ರಿಸ್ ವೈಲ್ ಹಾಡಿದ್ದರು. ಅದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವತ್ತು ಅನಿಸಿದ್ದು ಇಷ್ಟೇ: ಇನ್ನೂ ಒಂದು ಹಾಡೂ ಕೇಳಿಲ್ಲ, ಆಗಲೇ ತಡವಾಗಿಬಿಟ್ಟಿದೆ.

ಮೂರು ವರ್ಷಕ್ಕೆ ತಡ. ಅದಕ್ಕೂ ಕೈ ಹಿಡಿದು ಸಮಾಧಾನ.

ಸರಿ, ಲೆಕ್ಕ ಹಾಕೋಣ. ನಿಜವಾದ ಫೇರ್‌ಪೋರ್ಟ್ ನೋಡಬೇಕಾದರೆ ಯಾವಾಗ ಬರಬೇಕಿತ್ತು? ಎಂಬತ್ತರ ದಶಕ ಅಂದರಲ್ಲ ಆ ಮಹಾಶಯರು. ಎಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಬ್ಯಾಂಡ್ ಮುಗಿದೇ ಹೋಗಿತ್ತು! 1979ರ ಆಗಸ್ಟ್ 4ರಂದು ಇದೇ ಕ್ರಾಪ್ರೆಡಿಯಲ್ಲಿ ಬೀಳ್ಕೊಡುಗೆ ಕಾರ್ಯಕ್ರಮ. ಅವತ್ತೇ ಹಗಲು ನೆಬ್‌ವರ್ತ್‌ನಲ್ಲಿ ಲೆಡ್ ಜೆಪ್ಪೆಲಿನ್ ಅನ್ನುವ ದೊಡ್ಡ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಮುಂಚೆ ನುಡಿಸಿ, ಅಲ್ಲಿಂದ ಗಾಡಿ ಹೊಡೆದುಕೊಂಡು ಇಲ್ಲಿಗೆ ಬಂದಿದ್ದರು. ಆ ಬೀಳ್ಕೊಡುಗೆಯ ರೆಕಾರ್ಡ್ ಹಾಕಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಬ್ಯಾಂಡಿನ ಡೇವ್ ಪೆಗ್ ದಂಪತಿ ಆಗ ಈ ಊರಿನವರೇ, ತಾವೇ ವುಡ್‌ವರ್ಮ್ ಅಂತ ಕಂಪನಿ ಮಾಡಿ ಹಾಕಿದರು. ಮುಗಿದ ಬ್ಯಾಂಡಿನವರು ವರ್ಷಕ್ಕೊಂದು ಸಲ ಸೇರಿ ನುಡಿಸೋಣ ಅಂತ ಮಾಡಿದ್ದೇ ಎಂಬತ್ತರ ದಶಕದ ಆ ಮಹಾ ವೈಭವ. ಬ್ಯಾಂಡ್ ಮತ್ತೆ ಪೂರ್ತಿ ಶುರುವಾದದ್ದು 1985ರಲ್ಲಿ. ಅಂದರೆ ನಮ್ಮ ಬಸ್ಸಿನ ಹಿರಿಯರು ಹಾಡಿ ಹೊಗಳುವ ಕಾಲಕ್ಕೂ ಯಾರೋ ಒಬ್ಬರು ಅವರ ಪಕ್ಕದಲ್ಲಿ ಕೂತು "ಚೆನ್ನಾಗಿದೆ ಬಿಡು, ಆದರೆ ಸ್ಯಾಂಡಿ ಇದ್ದಾಗ ಬರಬೇಕಿತ್ತು" ಅಂದಿರಲೇಬೇಕು. ಅಂದಿರದಿದ್ದರೆ ನನ್ನ ಹೆಸರು ಬದಲಾಯಿಸಿ.

ಇನ್ನೂ ಹಿಂದೆ ಹೋಗಿ. 1969ರ ಮೇ 12. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ವಾಪಸ್ ಬರುವಾಗ ಎಂ1 ಹೆದ್ದಾರಿಯಲ್ಲಿ ವ್ಯಾನ್ ಅಪಘಾತ. ಡ್ರಮ್ಸ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್‌ಗೆ ಹತ್ತೊಂಬತ್ತು ವರ್ಷ. ಸತ್ತುಹೋದ. ಜೊತೆಗಿದ್ದ ಜೀನಿ ಫ್ರಾಂಕ್ಲಿನ್ ಕೂಡ. ಉಳಿದವರು ಇನ್ನು ಸಾಕು ಅಂದುಕೊಳ್ಳುವ ಸ್ಥಿತಿಯಲ್ಲಿದ್ದರು. ಆಮೇಲೆ ಡ್ರಮ್ಸ್‌ಗೆ ಡೇವ್ ಮ್ಯಾಟಕ್ಸ್ ಬಂದರು, ಪಿಟೀಲಿಗೆ ಡೇವ್ ಸ್ವಾರ್‌ಬ್ರಿಕ್ ಬಂದರು. ಎಲ್ಲರೂ ಇವತ್ತಿಗೂ ತಲೆ ಮೇಲೆ ಹೊತ್ತು ತಿರುಗುವ 'ಲೀಜ್ ಅಂಡ್ ಲೀಫ್' ಆಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಬಂತು. ಹೊಸಬರು ಸೇರಿಕೊಂಡ ಮೇಲೆ! ಅದು ಬರುವ ಹೊತ್ತಿಗೆ ಸ್ಯಾಂಡಿಯೂ ಬ್ಯಾಂಡ್ ಬಿಟ್ಟಿದ್ದರು, ಬ್ಯಾಂಡ್ ಕಟ್ಟಿದವರಲ್ಲೊಬ್ಬರಾದ ಆಶ್ಲಿ ಹಚಿಂಗ್ಸ್ ಕೂಡ ಬಿಟ್ಟಿದ್ದರು.

ಇನ್ನೂ ಹಿಂದೆ? ಮೊದಲ ದಿನಕ್ಕೇ ಹೋಗೋಣ. 1967ರ ಮೇ 27, ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನ ಒಂದು ಚರ್ಚ್ ಹಾಲ್. ಫೇರ್‌ಪೋರ್ಟ್‌ನ ಮೊಟ್ಟಮೊದಲ ಕಾರ್ಯಕ್ರಮ. ಅವತ್ತು ಡ್ರಮ್ಸ್ ನುಡಿಸಿದವನು ಬೇರೆ ಹುಡುಗ. ಕೇಳಲು ಬಂದು ಕೂತವರಲ್ಲಿ ಒಬ್ಬನಿಗೆ ಇದಕ್ಕಿಂತ ನಾನೇ ಚೆನ್ನಾಗಿ ನುಡಿಸುತ್ತೇನೆ ಅನಿಸಿತು, ಹೋಗಿ ಹೇಳಿದ, ಬ್ಯಾಂಡಿಗೆ ಸೇರಿಬಿಟ್ಟ. ಅವನೇ ಮಾರ್ಟಿನ್ ಲ್ಯಾಂಬಲ್. ಒಂದೇ ಕಾರ್ಯಕ್ರಮಕ್ಕೆ ಆ ಮೂಲ ಬ್ಯಾಂಡ್ ಮುಗಿಯಿತು. ಹಾಗಾಗಿ ಲೆಕ್ಕದ ಪ್ರಕಾರ "ಆಗ ಬರಬೇಕಿತ್ತು" ಅನ್ನುವ ಹಕ್ಕು ಅವತ್ತು ಆ ಹಾಲ್‌ನಲ್ಲಿ ಕೂತಿದ್ದವರಿಗೆ ಮಾತ್ರ ಇದೆ. ಬಸ್ಸಿನ ಹಿರಿಯರಿಗೆ ಇಲ್ಲ. ಪಕ್ಕದ ಕುರ್ಚಿಯಾಕೆಗೂ ಇಲ್ಲ.

ಅಲ್ಲಿಂದ ಇಲ್ಲಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಂದು ಹೋಗಿದ್ದಾರೆ. ಮೊದಲ ದಿನದಿಂದ ಇದ್ದವರು ಅಂತ ಈಗ ಸ್ಟೇಜ್ ಮೇಲೆ ಕಾಣೋದು ಸೈಮನ್ ನಿಕೋಲ್ ಒಬ್ಬರೇ. ಅವರೂ 1971ರಲ್ಲಿ ಬಿಟ್ಟು ಹೋಗಿ 1976ರಲ್ಲಿ ವಾಪಸ್ ಬಂದವರು! ಬದಲಾಗುವುದೇ ಕಸುಬಾದ ಬ್ಯಾಂಡಿಗೆ ಬದಲಾವಣೆ ಕಂಡರೆ ಆಗದ ಅಭಿಮಾನಿಗಳು. ಅದೂ ಎಂಥ ಹಾಡುಗಳಿಗೆ? 'ಮ್ಯಾಟಿ ಗ್ರೋವ್ಸ್' ಕಥೆಯ ಸಾಲುಗಳು 1613ರಲ್ಲಿ ಅಚ್ಚಾದ ಒಂದು ನಾಟಕದಲ್ಲೇ ಸಿಗುತ್ತವೆ. ನಾಲ್ಕು ನೂರು ವರ್ಷ ಬಾಯಿಂದ ಬಾಯಿಗೆ ದಾಟಿ, ಪ್ರತಿ ಊರಲ್ಲೂ ಒಂದಿಷ್ಟು ಬದಲಾಗಿ ಬಂದ ಹಾಡು ಅದು. ಅದಕ್ಕೆ ಇವರು ಎಲೆಕ್ಟ್ರಿಕ್ ಗಿಟಾರ್ ಹಾಕಿದರು. 1966ರಲ್ಲಿ ಬಾಬ್ ಡಿಲನ್ ಮ್ಯಾಂಚೆಸ್ಟರ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಸಭೆಯಿಂದ ಒಬ್ಬ "ಜೂಡಾಸ್!" (ಯೇಸುವಿಗೆ ದ್ರೋಹ ಬಗೆದವನ ಹೆಸರು) ಅಂತ ಕೂಗಿದನಲ್ಲ, ಅವನದೂ ಇದೇ ಕಾಯಿಲೆ. ಅವನು ಒಂದೇ ಪದದಲ್ಲಿ ಮುಗಿಸಿದ, ಪುಣ್ಯಾತ್ಮ.

ಸ್ವಾರ್‌ಬ್ರಿಕ್ ವಿಷಯ ನೆನಪಾಯಿತು. 1999ರಲ್ಲಿ ಅವರು ಕೋವೆಂಟ್ರಿಯಲ್ಲಿ ಆಸ್ಪತ್ರೆ ಸೇರಿದ್ದಾಗ ಇಂಗ್ಲೆಂಡಿನ ದೊಡ್ಡ ಪತ್ರಿಕೆಯೊಂದು ಅವರು ತೀರಿಕೊಂಡರು ಅಂತ ಶ್ರದ್ಧಾಂಜಲಿಯನ್ನೇ ಅಚ್ಚು ಹಾಕಿಬಿಟ್ಟಿತ್ತು. ಕೋವೆಂಟ್ರಿಯಲ್ಲಿ ನಾನು ಸತ್ತದ್ದು ಇದೇ ಮೊದಲೇನಲ್ಲ ಅಂತ ಅವರು ತಮಾಷೆ ಮಾಡಿದರಂತೆ. ಆಮೇಲೆ ಹದಿನೇಳು ವರ್ಷ ಬದುಕಿದ್ದರು, 2016ರ ತನಕ. ಈ "ಆಗ ಬರಬೇಕಿತ್ತು" ಜನ ಮಾಡೋದೂ ಅದನ್ನೇ. ಎದುರಿಗೆ ಬ್ಯಾಂಡ್ ನಿಂತು ನುಡಿಸುತ್ತಿದೆ, ಇವರು ಕುರ್ಚಿಯಲ್ಲಿ ಕೂತು ಶ್ರದ್ಧಾಂಜಲಿ ಬರೆಯುತ್ತಿದ್ದಾರೆ. 2020, 2021 ಎರಡು ವರ್ಷ ಕೋವಿಡ್‌ನಿಂದ ಹಬ್ಬವೇ ಇರಲಿಲ್ಲ. ಆ ಹೊಲದಲ್ಲಿ ಮತ್ತೊಮ್ಮೆ ಕೂತರೆ ಸಾಕು ಅಂತ ಗೋಗರೆದವರೇ 2022ರ ಮೊದಲ ಸಂಜೆಗೆ "ಮೊದಲಿನ ಹಾಗಿಲ್ಲ ಅಲ್ವಾ?" ಅಂತ ಶುರು ಮಾಡಿದರು. ಇಷ್ಟು ಬೇಗ!

ನಮ್ಮನೆಯವರು ಇದನ್ನು ಹೆಗಲ ಮೇಲಿಂದ ಇಣುಕಿ ಓದುತ್ತಾ, "ಹಳಬರು ಇಲ್ಲದಿದ್ದರೆ ಹಬ್ಬ ಎಲ್ಲಿರುತ್ತಿತ್ತು? ವರ್ಷ ವರ್ಷ ಟಿಕೆಟ್ ತೆಗೆದು ಬ್ಯಾಂಡನ್ನು ಸಾಕಿದವರು ಅವರೇ ತಾನೇ? ಅವರ ನೆನಪಿಗೂ ಬೆಲೆ ಇಲ್ವಾ?" ಅಂತಿದ್ದಾರೆ. ಇದೆ ಸ್ವಾಮಿ, ಇದೆ. 1979ರ ರಾತ್ರಿ ಹೇಗಿತ್ತು ಅಂತ ಹೇಳಲಿ, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತೇನೆ, ಕೇಳಿದ್ದೇನೆ ಕೂಡ. ಆದರೆ ಆತ ಆ ಹುಡುಗಿಗೆ ಏನು ಹೇಳಿದರು? ಎಂಬತ್ತರಲ್ಲಿ ಏನು ನೋಡಿದೆ, ಏನು ಕೇಳಿದೆ, ಒಂದು ಸಾಲು ಹೇಳಿದರಾ? ಇಲ್ಲ. ಅವಳ ಕೈಯಲ್ಲಿದ್ದ ಐಸ್‌ಕ್ರೀಮ್ ನೋಡಿ "ಹಿಂದೆ ಇದು ಇನ್ನೂ ರುಚಿ ಇತ್ತು" ಅಂದು ಎದ್ದು ಹೋದ ಹಾಗೆ. ಅದು ಯಾವ ಸೀಮೆ ನೆನಪು? ಟೀ ಮಾಡಿ ತರ್ತೀನಿ ಅಂತ ನಮ್ಮನೆಯವರು ಎದ್ದು ಹೋದರು. ಇದನ್ನು ಒಪ್ಪಿಗೆ ಅಂತಲೇ ತಿಳಿದುಕೊಳ್ಳುತ್ತೇನೆ.

ಈಗ ಒಂದು ಮಾತು ಹೇಳಿಬಿಡಬೇಕು. ಇಷ್ಟೆಲ್ಲ ಹಾರಾಡುವ ನಾನೂ ಸಾಚಾ ಅಲ್ಲ. 2008ರಲ್ಲಿ ಲೆಡ್ ಜೆಪ್ಪೆಲಿನ್ ಗಾಯಕ ರಾಬರ್ಟ್ ಪ್ಲಾಂಟ್ ಇಲ್ಲಿ ಸ್ಟೇಜ್ ಹತ್ತಿ ಫೇರ್‌ಪೋರ್ಟ್ ಜೊತೆ ಹಾಡಿದ್ದನ್ನು ನೋಡಿದವರು ಸಿಕ್ಕರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಹೋಗಲಿ. ಹೋದ ವರ್ಷ ಅಕ್ಕನ ಮಗ ನಮ್ಮ ಜೊತೆ ಬಂದಿದ್ದ. ಶನಿವಾರ ರಾತ್ರಿ ಹೊಲದಿಂದ ಟೆಂಟಿಗೆ ನಡೆಯುವಾಗ "ಚಿಕ್ಕಮ್ಮ, ಇಂಥದ್ದು ನಾನು ನೋಡೇ ಇರಲಿಲ್ಲ" ಅಂದ. ನಾನು ಏನಂದೆ ಗೊತ್ತಾ? "ನಾನು ಮೊದಲ ಸಲ ಬಂದಾಗ ಇನ್ನೂ ಚೆನ್ನಾಗಿತ್ತು ಕಣೋ." ಬಾಯಿಂದ ಬಿದ್ದೇ ಹೋಯಿತು. ಅವನು "ಓಹ್" ಅಂದ. ಆಮೇಲೆ ಟೆಂಟ್ ತನಕ ಟಾರ್ಚ್ ಬೆಳಕು ನೋಡುತ್ತಾ ನಡೆದ. ಬಸ್ಸಿನಲ್ಲಿ ಆ ಹುಡುಗಿಯ ಮುಖ ನೋಡಿದಾಗ ನನಗೆ ಅಷ್ಟು ಸಿಟ್ಟು ಬಂದದ್ದು ಸುಮ್ನೆ ಅಲ್ಲ.

ಅದಕ್ಕಿಂತ ನಾಚಿಕೆಗೇಡು ಏನು ಅಂದರೆ, ಅವನಿಗೆ ಹೇಳಿದ ಆ "ಇನ್ನೂ ಚೆನ್ನಾಗಿತ್ತು" ಪೂರ್ತಿ ಸುಳ್ಳು. ಮೊದಲ ಸಲ ನಾನು ಕೊನೆಯ ಹಾಡನ್ನು ನೋಡಲೇ ಇಲ್ಲ. ಯಾರಾದರೂ "ಮೊದಲ ಮೀಟ್ ಆನ್ ದ ಲೆಜ್ ಎಲ್ಲಿ ಕೂತು ಕೇಳಿದಿರಿ?" ಅಂದರೆ "ಮಧ್ಯದಲ್ಲಿ, ಸ್ವಲ್ಪ ಬಲಕ್ಕೆ" ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಮ್ಮನೆಯವರಿಗೂ ಹಾಗೇ ಹೇಳಿದ್ದೆ, ಕತ್ತಲಲ್ಲಿ ಕುರ್ಚಿ ಸಿಗಲಿಲ್ಲ, ಬೇರೆ ಕಡೆ ನಿಂತೆ ಅಂತ. ನಾನು ನಿಂತಿದ್ದು ಟಾಯ್ಲೆಟ್ ಕ್ಯೂನಲ್ಲಿ.

ನಡುರಾತ್ರಿ ಹತ್ತಿರ. ಕಾಲಡಿ ಕೆಸರು. ಮುಂದೆ ಹನ್ನೆರಡು ಜನ ಇದ್ದರು, ಒಬ್ಬೊಬ್ಬರೇ ಕರಗಿ ಕೊನೆಗೆ ನನ್ನ ಮುಂದೆ ಒಬ್ಬ ಅಜ್ಜಿ ಉಳಿದರು, ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಟಾರ್ಚು. ಹಾಡು ಶುರುವಾಯಿತು. ಸ್ಟೇಜ್ ಕಾಣುವುದಿಲ್ಲ, ದೂರದಲ್ಲಿ ಲೈಟು ಮಾತ್ರ ಹೊಳೆಯುತ್ತಿದೆ. ಆ ಹಾಡನ್ನು ಬ್ಯಾಂಡಿನ ಗಿಟಾರ್ ವಾದಕರಾಗಿದ್ದ ರಿಚರ್ಡ್ ಥಾಂಪ್ಸನ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದದ್ದು ಅಂತೆಲ್ಲ ನನಗೇನು ಗೊತ್ತು ಆಗ? ಪಲ್ಲವಿ ಬಂತು. ಹೊಲಕ್ಕೆ ಹೊಲವೇ ಹಾಡತೊಡಗಿತು. ಕ್ಯೂನಲ್ಲಿದ್ದವರೂ ಹಾಡಿದರು. ಮುಚ್ಚಿದ ಬಾಗಿಲುಗಳ ಒಳಗಿನಿಂದಲೂ ದನಿ ಬಂತು, ಆಣೆ ಮಾಡಿ ಹೇಳುತ್ತೇನೆ. ನಮ್ಮ ಮುಂದಿನ ಬಾಗಿಲು ತೆರೆಯಿತು, ಹೊರಬಂದವನು ಹೋಗದೆ ಅಲ್ಲೇ ನಿಂತ. ಅಜ್ಜಿಯೂ ಒಳಗೆ ಹೋಗಲಿಲ್ಲ. ತೆರೆದ ಬಾಗಿಲ ಮುಂದೆ ಟಾರ್ಚ್ ಆರಿಸಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಹಾಡಿದರು. ನಾನು ಕಿವಿಯಿಂದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡೆ.

ಮುಗಿದ ಮೇಲೆ ಅವರು ತಿರುಗಿ ನೋಡಿದರು. "ಎಷ್ಟನೇ ಸಲ?"

ಇಲ್ಲೂ ಬಿಡಲ್ವಲ್ಲ ಇವರು ಅಂದುಕೊಂಡು, "ಮೊದಲನೇ ಸಲ" ಅಂದೆ.

ಅಜ್ಜಿ ಪಕ್ಕಕ್ಕೆ ಸರಿದು ಟಾರ್ಚ್ ಹಾಕಿ ದಾರಿ ತೋರಿಸಿದರು. "ಹಾಗಾದರೆ ನೀನು ಮೊದಲು ಹೋಗಮ್ಮ."