ನಗಿಸಿದರೆ ವಿಜ್ಞಾನದ ತೂಕ ಕಡಿಮೆಯಾಗುತ್ತದಾ?
ವಿಜ್ಞಾನಿಗಳು ಸ್ಟ್ಯಾಂಡ್-ಅಪ್ ಕಾಮಿಡಿ ಮಾಡಿದರೆ ವಿಜ್ಞಾನ ಹಗುರವಾಗುತ್ತದೆ ಅನ್ನುವ ಆತಂಕ ನಾನು ಓದಿದ ಲೇಖನವೊಂದರಲ್ಲಿತ್ತು. ನನಗೆ ಹಾಗನ್ನಿಸುವುದಿಲ್ಲ. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸ್ಟೀವ್ ಕ್ರಾಸ್ ಶುರು ಮಾಡಿದ ಬ್ರೈಟ್ ಕ್ಲಬ್ ನೋಡಿ. ಸಂಶೋಧಕರು ಮೈಕ್ ಹಿಡಿದು ತಮ್ಮ ಕೆಲಸದ ಬಗ್ಗೆಯೇ ಮಾತಾಡಿ ನಗಿಸಬೇಕು. ಜನಕ್ಕೆ ಅರ್ಥವಾಗದಿದ್ದರೆ ನಗು ಬರುವುದಿಲ್ಲ, ಅದು ಅಲ್ಲೇ ಗೊತ್ತಾಗಿಬಿಡುತ್ತದೆ. ಕ್ಲಾಸಿನಲ್ಲಾದರೆ ಅರ್ಥವಾಗದಿದ್ದರೂ ಸುಮ್ನೆ ತಲೆಯಾಡಿಸುತ್ತಿದ್ದೆವು, ಅಲ್ವಾ?

ಭೌತವಿಜ್ಞಾನಿ ಆಂಡ್ರೆ ಗೈಮ್ ಅಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ದಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಪಡೆದವರು. 2010ರಲ್ಲಿ ಗ್ರಾಫೀನ್‌ ಎಂಬ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯ ಮೇಲಿನ ಕೆಲಸಕ್ಕಾಗಿ ನಿಜವಾದ ನೊಬೆಲ್ಲೇ ಬಂತು! ಆ ಕಪ್ಪೆಯ ವಿಡಿಯೊ ನೋಡಿ ಬಿದ್ದು ಬಿದ್ದು ನಕ್ಕ ನನ್ನ ಮಗಳು, ಮರುಕ್ಷಣವೇ "ಅದು ಹೇಗಪ್ಪಾ ತೇಲುತ್ತೆ?" ಅಂತ ಕೇಳಿದಳು. ನೀರನ್ನು ಅಯಸ್ಕಾಂತ ಚೂರೇ ಚೂರು ದೂರ ತಳ್ಳುತ್ತದೆ, ಕಪ್ಪೆಯ ಮೈಯಲ್ಲಿ ಜಾಸ್ತಿ ಇರುವುದು ನೀರೇ ಅಂದೆ. ಊಟ ಆರುವವರೆಗೂ ಅದೇ ಮಾತು.