ಆ ರ‍್ಯಾಂಪ್ ಸಂಸ್ಕಾರದಿಂದ ಬಂದದ್ದಲ್ಲ

ಜಪಾನಿನ ರೈಲು ನಿಲ್ದಾಣದ ವಿಡಿಯೊ ಒಂದು ನನ್ನ ವಾಟ್ಸಾಪಿಗೆ ಆಗಾಗ ಬರುತ್ತಲೇ ಇರುತ್ತದೆ. ಸಮವಸ್ತ್ರದ ಸಿಬ್ಬಂದಿ ಮಡಚುವ ರ‍್ಯಾಂಪ್ ತಂದು ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವೆ ಹಾಸುತ್ತಾರೆ, ವೀಲ್‌ಚೇರ್ ಸಲೀಸಾಗಿ ಒಳಗೆ ಹೋಗುತ್ತದೆ. ಜೊತೆಗೆ, "ಎಂಥಾ ಸಂಸ್ಕಾರ ನೋಡಿ, ನಮ್ಮ ಜನ ಯಾವಾಗ ಕಲಿಯುತ್ತಾರೋ" ಎಂಬ ಒಕ್ಕಣೆ. ವೀಲ್‌ಚೇರಿನಲ್ಲೇ ಟೋಕಿಯೊ, ಕ್ಯೋಟೊ, ಒಸಾಕಾ ಸುತ್ತಿ ಬಂದವಳು ನಾನು. ವಿಡಿಯೊದಲ್ಲಿರುವುದು ಪೂರ್ತಿ ನಿಜ. ಒಕ್ಕಣೆಗೆ ಮಾತ್ರ ನನ್ನ ತಕರಾರಿದೆ.

1977ರ ಏಪ್ರಿಲ್‌ನಲ್ಲಿ ಟೋಕಿಯೊ ಪಕ್ಕದ ಕವಾಸಾಕಿಯಲ್ಲಿ ನಡೆದದ್ದನ್ನು ನಮ್ಮಲ್ಲಿ ಯಾರೂ ಹಂಚಿಕೊಳ್ಳುವುದಿಲ್ಲ. ಜೊತೆಗೆ ಸಹಾಯಕರಿರಬೇಕು, ವೀಲ್‌ಚೇರ್ ಮಡಚಿ ಸಾಮಾನ್ಯ ಸೀಟಿನಲ್ಲಿ ಕೂರಬೇಕು, ಇಲ್ಲದಿದ್ದರೆ ಹತ್ತಿಸುವುದಿಲ್ಲ ಅಂತ ಅಲ್ಲಿನ ಬಸ್ಸಿನವರು ಪಟ್ಟು ಹಿಡಿದಿದ್ದರು. 'ಆವೊಯಿ ಶಿಬಾ ನೊ ಕೈ' ಎಂಬುದು ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇರುವವರೇ ಕಟ್ಟಿಕೊಂಡ ಸಂಘಟನೆ. ಅದರ ಸದಸ್ಯರು ಕವಾಸಾಕಿ ನಿಲ್ದಾಣದ ಬಳಿ ಗುಂಪಾಗಿ ಬಂದು ಬಸ್ಸು ಹತ್ತಿ ಕೂತರು. ಇಳಿಯಿರಿ ಅಂದರೂ ಇಳಿಯಲಿಲ್ಲ. ಬಸ್ಸುಗಳು ನಿಂತಲ್ಲೇ ನಿಂತವು, ಊರಿನ ಸಂಚಾರ ಅಸ್ತವ್ಯಸ್ತವಾಯಿತು. ಜನ ಅವರನ್ನು ಬೈದರು, ಸ್ವಾರ್ಥಿಗಳು ಅಂದರು. ಹಾಗೆ ಬೈಸಿಕೊಂಡವರ ಋಣ ನನ್ನ ಮೇಲಿದೆ ಅಂತಲೇ ನಾನು ನಂಬುತ್ತೇನೆ.

ಕಾನೂನು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 2000ದಲ್ಲಿ, ನಮ್ಮಂಥವರೂ ಓಡಾಡುವಂತಿರಬೇಕು ಅಂತ ಸಾರಿಗೆಗೆಂದೇ ಒಂದು ಕಾಯ್ದೆ ಆಯಿತು. 2006ರಲ್ಲಿ ಅದನ್ನೂ ಇದೇ ಉದ್ದೇಶದ ಕಟ್ಟಡಗಳ ಕಾಯ್ದೆಯನ್ನೂ ಒಂದುಗೂಡಿಸಿದರು. ದಿನಕ್ಕೆ ಕನಿಷ್ಠ 5000 ಜನ ಬಳಸುವ ನಿಲ್ದಾಣಗಳಿಗೆ ಲಿಫ್ಟ್, ರ‍್ಯಾಂಪ್ ಆಗಬೇಕು ಅನ್ನುವುದು ಮೊದಲ ಗುರಿ. ಆಮೇಲೆ ಅದನ್ನು 3000ಕ್ಕೆ ಇಳಿಸಿ ಇನ್ನಷ್ಟು ಸಣ್ಣ ನಿಲ್ದಾಣಗಳನ್ನು ಸೇರಿಸಿದರು. ಟೋಕಿಯೊ–ಒಸಾಕಾ ನಡುವಿನ ಬುಲೆಟ್ ರೈಲಿನಲ್ಲಿ ವೀಲ್‌ಚೇರಿಗೆ ಇದ್ದದ್ದು ಎರಡೇ ಜಾಗ. ಅಂಗವಿಕಲರ ಸಂಘಟನೆಗಳು ಒತ್ತಾಯಿಸಿದ ಮೇಲೆ 2021ರಿಂದ ಹೊಸ ಎನ್700ಎಸ್ ರೈಲುಗಳಲ್ಲಿ ಆರಾಯಿತು, ಅದೂ ಕಿಟಕಿ ಪಕ್ಕ ಕೂರುವ ಹಾಗೆ. ಬಾಗಿಲ ಬಳಿ ಸಾಮಾನಿನಂತೆ ನಿಲ್ಲಿಸಿಕೊಂಡು ಪ್ರಯಾಣಿಸಿದವರಿಗೆ ಆ ಕಿಟಕಿಯ ಬೆಲೆ ಗೊತ್ತು.

ಸಂಸ್ಕಾರ ಅಂದುಬಿಟ್ಟರೆ ಎಲ್ಲರಿಗೂ ಸುಲಭ. ನಮ್ಮ ಜನಕ್ಕೆ ಆ ಗುಣ ಇಲ್ಲ, ಏನು ಮಾಡೋದು ಅಂತ ಕೈಚೆಲ್ಲಬಹುದು. ಕಾನೂನು, ಗಡುವು, ದುಡ್ಡು, ಬೀದಿಗಿಳಿದ ಜನ ಅಂದರೆ ಮಾತ್ರ ನಮ್ಮಲ್ಲೂ ಯಾರೋ ಉತ್ತರ ಕೊಡಬೇಕಾಗುತ್ತದೆ.

ಮತ್ತೆ, ಆ ರ‍್ಯಾಂಪ್ ಕೂಡ ಕೊನೆಯ ಮಾತಲ್ಲ. ಎಲ್ಲಿಗೆ ಹೋಗಬೇಕೆಂದು ಸಿಬ್ಬಂದಿಗೆ ಹೇಳಬೇಕು, ಅವರು ಇಳಿಯುವ ನಿಲ್ದಾಣಕ್ಕೆ ಫೋನು ಮಾಡಿ ಯಾವ ರೈಲು, ಎಷ್ಟನೇ ಬೋಗಿ ಅಂತ ತಿಳಿಸಬೇಕು, ಅಲ್ಲಿಂದ ಸರಿ ಅಂತ ಬರುವವರೆಗೆ ಕಣ್ಣೆದುರೇ ರೈಲುಗಳು ಹೋಗುತ್ತಿರುತ್ತವೆ. ದಾರಿಯಲ್ಲಿ ಮನಸ್ಸು ಬದಲಾಯಿಸಿ ಇನ್ನೆಲ್ಲೋ ಇಳಿಯುತ್ತೇನೆ ಅನ್ನುವಂತಿಲ್ಲ. ನನಗೆ ಇದಕ್ಕಿಂತ ಇಷ್ಟವಾದದ್ದು ಪ್ಲಾಟ್‌ಫಾರ್ಮಿನ ಅಂಚನ್ನೇ ಎತ್ತರಿಸಿ, ಬೋಗಿಯ ಹತ್ತಿರಕ್ಕೆ ತಂದಿರುವ ಕಡೆಗಳು. ಎತ್ತರದ ವ್ಯತ್ಯಾಸ 3 ಸೆಂಟಿಮೀಟರ್, ಸಂದು 7 ಸೆಂಟಿಮೀಟರ್ ಒಳಗಿರಬೇಕು ಅನ್ನುವುದು ಅಲ್ಲಿನ ಗುರಿ. ಅಂಥಲ್ಲಿ ನಾನು ಯಾರಿಗೂ ಹೇಳದೆ, ಯಾರಿಗೂ ಕಾಯದೆ, ಎಲ್ಲರ ಹಾಗೆ ರೈಲು ಹತ್ತಿದೆ. ಯಾರೂ ತಿರುಗಿ ನೋಡಲಿಲ್ಲ. ವಿಡಿಯೊ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹೋಗುವವರಿದ್ದರೆ, ಹೋಟೆಲಿನವರನ್ನು ಕೇಳಬೇಕಾದದ್ದು ಬಚ್ಚಲಿನ ಬಾಗಿಲ ಅಗಲ ಮತ್ತು ಹೊಸ್ತಿಲಿನ ಎತ್ತರ. ಸಾಧಾರಣ ರೂಮುಗಳ ಬಚ್ಚಲು ನೆಲದಿಂದ ಒಂದು ಮೆಟ್ಟಿಲು ಮೇಲಿರುತ್ತದೆ, ವೀಲ್‌ಚೇರ್ ಒಳಗೆ ಹೋಗುವುದೇ ಇಲ್ಲ. 50ಕ್ಕೂ ಹೆಚ್ಚು ರೂಮುಗಳಿರುವ ಹೊಸ ಹೋಟೆಲುಗಳಲ್ಲಿ ಕನಿಷ್ಠ ನೂರಕ್ಕೊಂದು ರೂಮು ನಮಗೆ ಒಗ್ಗುವಂತಿರಬೇಕು ಎಂಬ ನಿಯಮ 2019ರ ಸೆಪ್ಟೆಂಬರಿನಿಂದ ಇದೆ, ಆದ್ದರಿಂದ ಆಮೇಲೆ ಕಟ್ಟಿದ್ದನ್ನೇ ಹುಡುಕಿ. ಟೋಕಿಯೊದ ಅಸಕುಸಾದಲ್ಲಿರುವ ಸೆನ್ಸೋಜಿ ದೇಗುಲದ ಮುಖ್ಯಮಂದಿರಕ್ಕೆ ಪಕ್ಕದಲ್ಲಿ ಲಿಫ್ಟ್ ಇದೆ, ಮೆಟ್ಟಿಲು ಕಂಡು ವಾಪಸಾಗಬೇಡಿ. ಸಣ್ಣ ಊಟದಂಗಡಿಗಳಲ್ಲಿ ಬಾಗಿಲಲ್ಲೇ ಮೆಟ್ಟಿಲು, ಒಳಗೆ ಎತ್ತರದ ಸ್ಟೂಲು. ಬೇಕಾದ ಅನುಕೂಲವನ್ನು ಮಿತಿಮೀರಿದ ಹೊರೆಯಾಗದಿದ್ದರೆ ಖಾಸಗಿಯವರೂ ಮಾಡಿಕೊಡಲೇಬೇಕು ಅಂತ 2024ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಕೇಳಲು ಸಂಕೋಚ ಬೇಡ.

ಅಲ್ಲಿ ಜಗಳ ಇನ್ನೂ ಮುಗಿದಿಲ್ಲ. ನಗೋಯಾ ಕೋಟೆಯ ಗೋಪುರ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1959ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಎದ್ದಿತು. ಅದಕ್ಕೆ ಲಿಫ್ಟ್ ಇತ್ತು. ಈಗ ಮೊದಲಿನಂತೆ ಮರದಲ್ಲೇ ಕಟ್ಟುವ ಯೋಜನೆ ಇದೆ, ಮೇಲಿನ ಮಹಡಿಯವರೆಗೂ ಲಿಫ್ಟ್ ಬೇಕು ಅಂದವರಿಗೆ ವಿರೋಧ. 2023ರ ಜೂನ್‌ನಲ್ಲಿ ನಗರಾಡಳಿತ ಕರೆದ ಸಭೆಯಲ್ಲಿ, ಲಿಫ್ಟ್ ಕೇಳಿದ ವೀಲ್‌ಚೇರ್ ಬಳಕೆದಾರರನ್ನು ಸಭೆಗೆ ಬಂದಿದ್ದ ಕೆಲವರು ಎಲ್ಲರೆದುರೇ ಹೀಯಾಳಿಸಿದರು. ಆಮೇಲೆ ಮೇಯರ್ ಕ್ಷಮೆ ಕೇಳಬೇಕಾಯಿತು. ಹಿಮೇಜಿ ಕೋಟೆಯ ವಿಷಯದಲ್ಲಿ ನಾನು ವಾದಿಸುವುದಿಲ್ಲ. ಅದು ನಾನೂರು ವರ್ಷದಿಂದ ನಿಂತಿರುವ ಮರದ ಕಟ್ಟಡ, ಲಿಫ್ಟಿಗೆಂದು ಕೊರೆಯಿರಿ ಅನ್ನಲಾರೆ, ಕೆಳಗಿನಿಂದಲೇ ಕಣ್ತುಂಬ ನೋಡುತ್ತೇನೆ. ಆದರೆ ನಗೋಯಾದಲ್ಲಿ ಇನ್ನು ಮೇಲೆ ಕಡಿಯುವ, ಇನ್ನು ಮೇಲೆ ಜೋಡಿಸುವ ಮರದ ಹೆಸರಿನಲ್ಲಿ, ಮೊದಲು ಮೇಲೆ ಹೋಗುತ್ತಿದ್ದವರನ್ನು ಕೆಳಗೇ ನಿಲ್ಲಿಸುವುದು ಪರಂಪರೆಯ ರಕ್ಷಣೆ ಅಂತ ನಾನು ಒಪ್ಪುವುದಿಲ್ಲ.